ಆಯ್ತು, ಬಿಡಿ

ಹನ್ನೊಂದನೇ ತಾರೀಖು, ಮಂಗಳವಾರ, ಬೆಳಿಗ್ಗೆ 10.40ಕ್ಕೆ ಇಬ್ಬರು ಹೆಂಗಸರು ಠಾಣೆಯ ಮೆಟ್ಟಿಲು ಹತ್ತಿ ಬಂದರು. ಹಿರಿಯಳು ಕಿರಿಯಳ ಮೊಣಕೈ ಹಿಡಿದುಕೊಂಡಿದ್ದಳು. ಕಿರಿಯಳ ಕಿವಿಯ ಮೇಲೆ ಒಂದು ಕೆಂಪು ಪೆನ್ನು ಸಿಕ್ಕಿಸಿಕೊಂಡೇ ಇತ್ತು. ಅದು ಅಲ್ಲಿರುವುದು ಅವಳಿಗೆ ಮರೆತುಹೋಗಿರಬೇಕು.

ಆ ಹೊತ್ತಿಗೆ ಇನ್‌ಸ್ಪೆಕ್ಟರ್ ಠಾಣೆಯ ಪ್ರಿಂಟರ್ ಜೊತೆ ಜಗಳಕ್ಕಿಳಿದಿದ್ದರು. ಶುಕ್ರವಾರದಿಂದ ಅದು ಪ್ರತಿ ಹಾಳೆಯ ನಡುವೆ ಒಂದು ಕಪ್ಪು ಪಟ್ಟಿ ಎಳೆಯುತ್ತಿತ್ತು. ರಿಪೇರಿಗೆ ಬರೆದ ಪತ್ರದ ಮೇಲೂ ಪಟ್ಟಿ ಬಿದ್ದಿದ್ದರಿಂದ ಮೇಲಿನವರು ಅದನ್ನು ಓದಲಾಗುತ್ತಿಲ್ಲವೆಂದು ವಾಪಸ್ಸು ಕಳಿಸಿದ್ದರು. ಹತ್ತೊಂಬತ್ತು ವರ್ಷ ಸರ್ವಿಸ್ ಮಾಡಿದ ಹೆಂಗಸು ಆಕೆ. ಕಳ್ಳರು ಆಕೆಯ ತಾಳ್ಮೆ ಕೆಡಿಸಿದ್ದು ಕಡಿಮೆ, ಇಲಾಖೆಯ ಸಾಮಾನುಗಳು ಕೆಡಿಸಿದ್ದೇ ಹೆಚ್ಚು.

ಬಂದವರನ್ನು ಒಳಕೋಣೆಗೆ ಕರೆದು ಕೂರಿಸಿದರು. ಮಹಿಳಾ ಕಾನ್‌ಸ್ಟೇಬಲ್ ನೀರು ತಂದಿಟ್ಟು ಬಾಗಿಲ ಪಕ್ಕ ನಿಂತಳು. ಕಿರಿಯಳಿಗೆ ಮೂವತ್ತೇಳು ವರ್ಷ. ಹಿಂದಿನ ಬೀದಿಯ ಮುದ್ರಣಾಲಯದಲ್ಲಿ ಆರು ವರ್ಷದಿಂದ ಕರಡು ತಿದ್ದುವ ಕೆಲಸ. ಪ್ರೆಸ್ಸಿನಲ್ಲಿ ಎಲ್ಲರೂ ಆಕೆಯನ್ನು ಪ್ರೂಫಕ್ಕ ಎಂದೇ ಕರೆಯುತ್ತಿದ್ದರು. ಜೊತೆಗೆ ಬಂದವಳು ಆಕೆಯ ದೊಡ್ಡಕ್ಕ.

ದೂರು ಹೇಳುವುದಕ್ಕೆ ಪ್ರೂಫಕ್ಕ ಹೆಚ್ಚು ಮಾತು ಬಳಸಲಿಲ್ಲ. ಹಿಂದಿನ ದಿನ, ಸೋಮವಾರ, ಮಧ್ಯಾಹ್ನ 3.20ರ ಸುಮಾರಿಗೆ ಅಚ್ಚಿನ ಯಂತ್ರ ನಿಂತಿತ್ತು. ಪ್ರೆಸ್ಸಿನ ಮಾಲೀಕ ಪ್ರೂಫ್ ಕೋಣೆಗೆ ಬಂದ. ಚಿಲಕ ಹಾಕಿದ. ಅವಳು ಬೇಡ ಅಂದಳು. ಅವನು ಮುಂದುವರಿದ. ಅವನು ಹೋದದ್ದು 3.45ಕ್ಕೆ. ಆಮೇಲೆ ಅವಳು ಕುರ್ಚಿಯಲ್ಲಿ ಕೂತು ಸಂಜೆ ಐದೂವರೆಯವರೆಗೆ ಕರಡು ನೋಡಿದಳು.

"ಕೆಲಸ ಮಾಡ್ತಾ ಕೂತ್ರಾ?" ಎಂದು ಕೇಳಿದವನು ರೈಟರ್. ಠಾಣೆಯ ಬರವಣಿಗೆಯೆಲ್ಲ ಈ ಹೆಡ್ ಕಾನ್‌ಸ್ಟೇಬಲ್‌ನದು. ಇಪ್ಪತ್ತಾರು ವರ್ಷದಿಂದ ದೂರು ಬರೆದು ಬರೆದು ಅವನ ಬೆರಳಿನ ಗೆಣ್ಣು ಒಂದು ಕಡೆಗೆ ವಾಲಿತ್ತು.

"ಇನ್ನೇನು ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ," ಎಂದಳು ಪ್ರೂಫಕ್ಕ.

ರೈಟರ್ ಇನ್‌ಸ್ಪೆಕ್ಟರ್ ಮುಖ ನೋಡಿದ. ಇನ್‌ಸ್ಪೆಕ್ಟರ್ ಅವನ ಪೆನ್ನು ನೋಡಿದರು. ಅವನು ಬರೆಯತೊಡಗಿದ.

12.10ಕ್ಕೆ ದೂರು ಮುಗಿಯಿತು. ನಿಯಮದಂತೆ ಓದಿ ಹೇಳಬೇಕು. ರೈಟರ್ ರಾಗವಾಗಿ ಓದಿದ. ಎರಡನೇ ಪುಟದ ನಡುವೆ ಬಂದಾಗ ಪ್ರೂಫಕ್ಕ ಕೈಯೆತ್ತಿದಳು.

"ಆ ಸಾಲು ಇನ್ನೊಂದ್ಸಲ ಓದಿ."

"'ನಾನು ಜೋರಾಗಿ ಕೂಗಿಕೊಂಡು, ಪ್ರತಿಭಟಿಸಿ, ಬಿಡಿಸಿಕೊಳ್ಳಲು ಪ್ರಯತ್ನಿಸಿದರೂ ಸಹ ಬಿಡದೆ...'"

"ಈ ಸಾಲು ನಂದಲ್ಲ. ನಾನು ಕೂಗ್ಲಿಲ್ಲ."

"ಇರ್ಲಿ ಬಿಡಮ್ಮಾ, ನಿಮ್ ಒಳ್ಳೇದಕ್ಕೇ ಹಾಕಿದ್ದು. ಅದಿಲ್ದಿದ್ರೆ ಕೇಸೇ ನಿಲ್ಲಲ್ಲ."

"ನಾನು ಕೂಗ್ಲಿಲ್ಲ," ಎಂದಳು ಅವಳು ಮತ್ತೆ.

ದೊಡ್ಡಕ್ಕ ಅವಳ ತೋಳು ಚಿವುಟಿದಳು. "ಕೂಗ್ದೆ ಅಂತ ಹೇಳೇ. ನಿನ್ ಗಂಟೇನು ಹೋಗುತ್ತೆ? ಅವರೇ ಬರ್ಕೊಡ್ತಿದಾರೆ!"

ಪ್ರೂಫಕ್ಕ ಕಿವಿಯ ಮೇಲಿಂದ ಪೆನ್ನು ತೆಗೆದಳು. ಯಾರನ್ನೂ ಕೇಳದೆ ಹಾಳೆ ತನ್ನ ಕಡೆ ಎಳೆದುಕೊಂಡು ಆ ಇಡೀ ಸಾಲನ್ನು ಕೆಂಪು ಗೆರೆಯಿಂದ ಹೊಡೆದುಹಾಕಿದಳು. ಅಂಚಿನಲ್ಲಿ ತೆಗೆದುಹಾಕಿ ಎನ್ನುವ ಸುರುಳಿ ಗುರುತನ್ನೂ ಹಾಕಿದಳು. ಸರ್ಕಾರಿ ದೂರಿನ ಮೇಲೆ ಕೆಂಪು ಶಾಯಿ! ರೈಟರ್ ಜೀವ ಬಾಯಿಗೆ ಬಂತು.

"ಮೇಡಂ, ನೋಡಿ ಇದನ್ನ!"

ಇನ್‌ಸ್ಪೆಕ್ಟರ್ ನೋಡಿದರು. ಸಿಟ್ಟು ಬಂದದ್ದು ಹೌದು, ಆದರೆ ಪೆನ್ನಿನ ಮೇಲಲ್ಲ. ಹಿಂದಿನ ವರ್ಷ ಒಂದು ಕೇಸು ಇದೇ ಸಾಲಿನಿಂದ ಬಿದ್ದುಹೋಗಿತ್ತು. ಜೋರಾಗಿ ಕೂಗಿಕೊಂಡೆ ಎಂದು ದೂರಿನಲ್ಲಿತ್ತು, ಪಕ್ಕದ ಮನೆಯವರು ಏನೂ ಕೇಳಿಸಲಿಲ್ಲ ಎಂದರು, ಹಾಗಾದರೆ ಹುಡುಗಿ ಹೇಳುವುದೆಲ್ಲ ಸುಳ್ಳು ಎಂದಿತು ಕೋರ್ಟು. ಆ ಹುಡುಗಿ ಕೂಗಿಯೇ ಇರಲಿಲ್ಲ. ಹಾಳೆಯ ಮೇಲೆ ಕೂಗಿಸಿದ್ದು ಈ ಪುಣ್ಯಾತ್ಮ ರೈಟರ್. ಅವನಿಗೆ ಆಗಲೂ ಬೈದಿದ್ದರು. ನಾಯಿ ಬಾಲ ಡೊಂಕು.

"ರೈಟರ್ರೇ, ಕಾನೂನು ಪುಸ್ತಕದಲ್ಲಿ ಅತ್ಯಾಚಾರದ ಕಲಂ ತೆಗೀರಿ. ಕೆಳಗಡೆ ವಿವರಣೆ ಇದೆಯಲ್ಲ, ಅದನ್ನ ಜೋರಾಗಿ ಓದಿ."

ರೈಟರ್ ಪುಸ್ತಕ ತೆಗೆದು ಬೆರಳಿಟ್ಟು ಓದಿದ. "'ಒಪ್ಪಿಗೆ ಎಂದರೆ ಮಾತಿನಿಂದಾಗಲಿ, ಸನ್ನೆಯಿಂದಾಗಲಿ, ಆ ನಿರ್ದಿಷ್ಟ ಕೃತ್ಯಕ್ಕೆ ಸಂದೇಹಕ್ಕೆ ಎಡೆಯಿಲ್ಲದಂತೆ ಸ್ವಇಚ್ಛೆಯಿಂದ ತಿಳಿಸಿದ ಸಮ್ಮತಿ. ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣದಿಂದ ಒಪ್ಪಿದಳೆಂದು ಭಾವಿಸತಕ್ಕದ್ದಲ್ಲ.'"

"ಇದರಲ್ಲಿ ಕೂಗಬೇಕು ಅಂತ ಎಲ್ಲಿದೆ?"

"ಇಲ್ಲ ಮೇಡಂ. ಆದ್ರೆ ಹಿಂದೆ..."

"ಹಿಂದೆ ಇತ್ತು. ಹರಿದ ಬಟ್ಟೆ, ಪರಚಿದ ಗಾಯ, ಎಲ್ಲಾ ತರಬೇಕಿತ್ತು. ಕಾನೂನು ಬದಲಾಗಿ ಎಷ್ಟು ವರ್ಷ ಆಯ್ತು? ಈ ಪುಟ ಒಂದ್ಸಲನಾದ್ರೂ ತೆಗೆದಿದೀರಾ?"

ಆ ಪುಟ ಇನ್ನೂ ಗರಿಗರಿಯಾಗಿಯೇ ಇತ್ತು. ರೈಟರ್ ಪುಸ್ತಕ ಮುಚ್ಚಿಟ್ಟ. ಬೇರೆ ಹಾಳೆ ತೆಗೆದು ಮೊದಲಿಂದ ಬರೆದ. ಪ್ರೂಫಕ್ಕ ಕೂಗದೇ ಇದ್ದ ದೂರಿಗೆ ಸಹಿ ಹಾಕಿದಳು. 1.05ಕ್ಕೆ FIR ದಾಖಲಾಯಿತು.

ಆ ಮಧ್ಯಾಹ್ನವೆಲ್ಲ ಇನ್‌ಸ್ಪೆಕ್ಟರ್ ತಲೆ ಚಚ್ಚಿಕೊಳ್ಳುವುದರಲ್ಲೇ ಕಳೆಯಿತು. ಆಸ್ಪತ್ರೆಯಲ್ಲಿ ಡಾಕ್ಟರ ಫಾರಂ ಹಳೆಯದು. 'ಪ್ರತಿರೋಧದ ಗುರುತುಗಳು' ಎಂದು ಒಂದು ಅಂಕಣ. ಡಾಕ್ಟರು ಅದರಲ್ಲಿ 'ಇಲ್ಲ' ಎಂದು ದಪ್ಪಗೆ ಬರೆದರು. ಗಾಯವಿಲ್ಲ ಅಂದಮಾತ್ರಕ್ಕೆ ಏನೂ ನಡೆದಿಲ್ಲ ಅಂತಲ್ಲ ಎನ್ನುವುದನ್ನೂ ಒಂದು ಸಾಲು ಬರೆಯಿರಿ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಡಾಕ್ಟರು, 'ಅಭಿಪ್ರಾಯ ಕಾಯ್ದಿರಿಸಲಾಗಿದೆ' ಎಂದು ಬರೆದು ಮೊಹರು ಒತ್ತಿದರು.

ಸಂಜೆ 4.30ಕ್ಕೆ ಪ್ರೆಸ್ಸಿನಲ್ಲಿ ಸ್ಥಳ ಪಂಚನಾಮೆ. ಪ್ರೂಫ್ ಕೋಣೆ ಒಂಬತ್ತಡಿ ಉದ್ದ, ಏಳಡಿ ಅಗಲ. ಒಂದು ಮೇಜು, ಎರಡು ಕುರ್ಚಿ, ತಲೆಯೆತ್ತರಕ್ಕೆ ಕಾಗದದ ರೀಮುಗಳು. ಒಳಗಿನಿಂದ ಹಾಕುವ ಕಬ್ಬಿಣದ ಚಿಲಕ. ಬೈಂಡಿಂಗ್ ಕೋಣೆಗೂ ಇದಕ್ಕೂ ನಡುವೆ ಇರುವುದು ಬರೀ ಪ್ಲೈವುಡ್ ಗೋಡೆ. ಮೇಜಿನ ಮೇಲೆ ಜೇನು ಸಾಕಣೆಯ ಕೈಪಿಡಿಯೊಂದರ ಕರಡು ಇತ್ತು. ಒಟ್ಟು ನಲವತ್ತೇಳು ಪುಟ. ಮೂವತ್ತೊಂದನೇ ಪುಟದವರೆಗೆ ಅಂಚೆಲ್ಲ ಕೆಂಪು. ಮೂವತ್ತೆರಡರಿಂದ ಒಂದು ಗುರುತೂ ಇಲ್ಲ, ಪ್ರತಿ ಪುಟದ ಕೆಳಗೆ 'ನೋಡಿದೆ' ಎಂಬ ಸಹಿ ಮಾತ್ರ. ಇನ್‌ಸ್ಪೆಕ್ಟರ್ ಕರಡನ್ನು ಜಪ್ತಿ ಮಾಡಿಸಿದರು. ಯಾಕೆ ಎಂದು ರೈಟರ್ ಕೇಳಿದ. ಅವರಿಗೂ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ.

ಪ್ರೆಸ್ಸಿನ ಮಾಲೀಕ ಅಂದು ಸಿಗಲಿಲ್ಲ. ನೋಟಿಸು ಮನೆಯಲ್ಲಿ ಹೆಂಡತಿಯ ಕೈಗೆ ಹೋಯಿತು.

ಮರುದಿನ, ಬುಧವಾರ, ಬೆಳಿಗ್ಗೆ 11ಕ್ಕೆ ಅವನು ತಾನಾಗಿಯೇ ವಕೀಲನೊಂದಿಗೆ ಬಂದ. ಐವತ್ತೆರಡು ವರ್ಷ, ಇಸ್ತ್ರಿ ಮಾಡಿದ ಅಂಗಿ, ನಯವಾದ ಮಾತು. ಕುರ್ಚಿ ತೋರಿಸಿದರೆ ಆ ಕುರ್ಚಿ ಬೇಡ, ಕಿಟಕಿ ಪಕ್ಕದ್ದು ಕೊಡಿ ಎಂದ. ಇದರಲ್ಲೇ ಕೂತ್ಕೊಳ್ಳಿ ಎಂದರು ಇನ್‌ಸ್ಪೆಕ್ಟರ್. ಅವನು ಇನ್ನೊಂದು ಸಲ ಕೇಳಿದ. ಕಾನ್‌ಸ್ಟೇಬಲ್ ರೋಸಿಹೋಗಿ ಕಿಟಕಿ ಪಕ್ಕದ ಕುರ್ಚಿ ಎಳೆದುಕೊಟ್ಟಳು. ಆಗ ಅವನ ಮುಖದಲ್ಲಿ ಸಣ್ಣ ನಗು ಮೂಡಿತು.

"ಸೋಮವಾರ ಮೂರೂ ಇಪ್ಪತ್ತಕ್ಕೆ ಎಲ್ಲಿದ್ರಿ?"

"ಪ್ರೂಫ್ ರೂಮಲ್ಲಿ. ನಾನು ಮುಚ್ಚಿಡಲ್ಲ ಮೇಡಂ. ನಡೆದದ್ದು ನಡೆದಿದೆ. ಇಬ್ಬರೂ ದೊಡ್ಡವರು."

"ಅವರು ಒಪ್ಪಿದ್ರಾ?"

"ಒಪ್ಪದೆ? ನಾನು ಕೈಯೆತ್ತಿದ್ನಾ? ಬಾಯಿ ಮುಚ್ಚಿದ್ನಾ? ಚಾಕು ತೋರಿಸಿದ್ನಾ? ಅವಳ ಮೈಮೇಲೆ ಒಂದು ಗೀರು ತೋರ್ಸಿ, ಇಲ್ಲೇ ತಪ್ಪೊಪ್ಪಿಕೊಳ್ತೀನಿ."

"ನಾನು ಕೇಳಿದ್ದು ಅದಲ್ಲ. ಒಪ್ಪಿದ್ದು ಹೇಗೆ?"

"ಸುಮ್ನಿದ್ಳು. ಮೌನಂ ಸಮ್ಮತಿ ಲಕ್ಷಣಂ ಅಂತ ದೊಡ್ಡೋರು ಸುಮ್ನೆ ಹೇಳಿದಾರಾ?"

"ಅದು ಗಾದೆ. ಕಾನೂನಲ್ಲ."

ಆಗ ವಕೀಲ ಕೆಮ್ಮಿದ. FIR ಪ್ರತಿ ತೆಗೆದು ಎರಡನೇ ಪುಟ ಮಡಚಿ ಮೇಜಿನ ಮೇಲಿಟ್ಟ. "ಬರೀ ಮೌನ ಅಲ್ಲ ಮೇಡಂ. ದೂರುದಾರಳೇ ಬರೆಸಿದ್ದಾಳೆ. ಇಲ್ಲಿ ನೋಡಿ: 'ನಾನು ಆಯ್ತು ಬಿಡಿ ಎಂದೆನು'. ಆಯ್ತು ಬಿಡಿ ಅಂದ್ರೆ ಏನರ್ಥ ಅಂತ ಕನ್ನಡ ಬರೋ ಯಾರನ್ನ ಬೇಕಾದ್ರೂ ಕೇಳಿ. ಸರಿ, ಹಾಗೇ ಆಗ್ಲಿ ಅಂತ. ಇದಕ್ಕಿಂತ ಒಪ್ಪಿಗೆ ಬೇಕಾ?"

"ಕೆಲಸಾನೂ ಮಾಡಿದ್ಳು," ಎಂದ ಮಾಲೀಕ. "ಸಂಜೆವರೆಗೂ ಕೂತು ಹದಿನಾರು ಪುಟ ನೋಡಿ ಮುಗಿಸಿ ಹೋದ್ಳು. ಹಾಗೆಲ್ಲ ಆಗಿದ್ರೆ ಯಾರಾದ್ರೂ ಕೆಲಸ ಮಾಡ್ತಾರಾ?"

ಇನ್‌ಸ್ಪೆಕ್ಟರ್ ಸಾಲನ್ನು ಎರಡು ಸಲ ಓದಿದರು. ಇದ್ದದ್ದು ನಿಜ. ಹಿಂದಿನ ದಿನ ಕೂಗಿನ ಸಾಲಿನ ಗಲಾಟೆಯಲ್ಲಿ ಇದರ ಮೇಲೆ ಯಾರ ಕಣ್ಣೂ ಬಿದ್ದಿರಲಿಲ್ಲ. ಅವರಿಗೆ ತಮ್ಮ ಮೇಲೇ ರೇಗಿತು. ಆದರೂ ಪ್ರಶ್ನೆ ನಿಲ್ಲಿಸಲಿಲ್ಲ.

"ಅವರು ಆಯ್ತು ಬಿಡಿ ಅಂದಾಗ ನಿಮ್ಮ ಕೈ ಎಲ್ಲಿತ್ತು?"

ವಕೀಲ ಅವನ ಕಡೆ ತಿರುಗುವಷ್ಟರಲ್ಲಿ ಅವನು ಹೇಳಿಯಾಗಿತ್ತು. "ಅವಳ ಕೈ ಹಿಡ್ಕೊಂಡಿದ್ದೆ. ಪ್ರೀತಿಯಿಂದ."

"ಕೈ ಹಿಡ್ಕೊಂಡಿದ್ದಾಗ ಬಿಡಿ ಅಂದ್ರು. ಏನು ಬಿಡಿ ಅಂದ್ರು ಅಂತ ಅಂದ್ಕೊಂಡ್ರಿ?"

"ಅದು ಮಾತಿಗೆ ಹೇಳ್ತಾರಲ್ಲ ಮೇಡಂ."

ವಕೀಲ ಅವನನ್ನು ಎಬ್ಬಿಸಿಕೊಂಡು ಹೋದ. ಆರೋಪಿ ಠಾಣೆಯಲ್ಲಿ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎನ್ನುವುದು ಕುರ್ಚಿಗೂ ಗೊತ್ತು. ಸರ್ಕಾರಿ ವಕೀಲರಿಗೆ ಫೋನು ಮಾಡಿದರೆ ಅವರು ಆ ಕಡೆಯಿಂದ ನಿಟ್ಟುಸಿರು ಬಿಟ್ಟರು. "ಗಾಯ ಇಲ್ಲ, ಕೂಗು ಇಲ್ಲ, ಮೇಲಿಂದ ಆಯ್ತು ಬೇರೆ. ಬೇರೇನಾದ್ರೂ ತನ್ನಿ."

ಮಧ್ಯಾಹ್ನ 1.30ಕ್ಕೆ ಇನ್‌ಸ್ಪೆಕ್ಟರ್ ಪ್ರೂಫಕ್ಕನ ಮನೆಗೆ ಹೋದರು. ಎರಡು ಕೋಣೆಯ ಬಾಡಿಗೆ ಮನೆ. ದೊಡ್ಡಕ್ಕ ಬಾಗಿಲು ತೆಗೆದಳು. ಪ್ರೂಫಕ್ಕ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಇನ್‌ಸ್ಪೆಕ್ಟರ್ FIR ಪ್ರತಿ ಕೊಟ್ಟು ಆ ಸಾಲು ತೋರಿಸಿದರು.

ಅವಳು ನೋಡಿದಳು. ಬೆರಳು 'ಆಯ್ತು' ಮತ್ತು 'ಬಿಡಿ'ಯ ನಡುವೆ ನಿಂತಿತು.

"ಇಲ್ಲಿ ಅಲ್ಪವಿರಾಮ ಇಲ್ಲ," ಎಂದಳು. "ನಾನು ಹೇಳಿದ್ದು ಹೀಗಲ್ಲ. ಆಯ್ತು... ಬಿಡಿ... ಅಂತ. ಇಷ್ಟಕ್ಕೇ ಸಾಕು, ಕೈ ಬಿಡಿ ಅಂತ. ನಿನ್ನೆ ನಾನೇ ಓದಿ ಸಹಿ ಹಾಕಿದೆ. ನನ್ನ ಕಣ್ಣಿಗೆ ಬೀಳಲೇ ಇಲ್ಲ." ಅವಳು ಹಾಳೆ ಮಡಿಲಲ್ಲಿಟ್ಟುಕೊಂಡಳು. "ಆರು ವರ್ಷದಲ್ಲಿ ಒಂದು ಚುಕ್ಕಿ ಬಿಟ್ಟವಳಲ್ಲ ನಾನು."

"ಅಯ್ಯೋ, ಒಂದು ಚುಕ್ಕಿಗೆ ಹೀಗಾ?" ಎಂದಳು ದೊಡ್ಡಕ್ಕ.

"ಅಕ್ಕಾ, ನೀನು ಸುಮ್ನಿರು." ಅವಳು ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. "ಒಂದು ಮಾತು ಕೇಳ್ತೀನಿ, ನಿಜ ಹೇಳಿ ಮೇಡಂ. ಎರಡು ರಾತ್ರಿಯಿಂದ ನನ್ನನ್ನ ನಾನೇ ಕೇಳ್ಕೊಂಡಿದೀನಿ. ಆರು ವರ್ಷದಿಂದ ಅವರ ಕಾಟ ತಡೀಲಾರದೆ ಪ್ರತಿಸಲ ಆಯ್ತು ಬಿಡಿ ಅಂತಾನೇ ತಪ್ಪಿಸ್ಕೊಂಡಿದೀನಿ. ರಜ ಕೊಡ್ದಿದ್ರೆ, ಆಯ್ತು ಬಿಡಿ. ಭಾನುವಾರ ಬಾ ಅಂದ್ರೆ, ಆಯ್ತು ಬಿಡಿ. ಅವತ್ತೂ ಬಾಯಿಗೆ ಅದೇ ಬಂತು. ಹಾಗಾದ್ರೆ ನಾನೇ ಒಪ್ಪಿದ ಹಾಗಾಯ್ತಾ?"

ಇದು, ಈ ಒಂದು ಪ್ರಶ್ನೆ, ಅವಳ ಎದೆಯ ಮೇಲೆ ಕೂತಿತ್ತು. ಅವನಿಗೆ ಶಿಕ್ಷೆಯಾಗುತ್ತದೋ ಇಲ್ಲವೋ ಎನ್ನುವುದು ಆಮೇಲಿನ ಮಾತು.

"ಅದಕ್ಕೆ ಮುಂಚೆ ಏನಂದ್ರಿ?" ಎಂದು ಕೇಳಿದರು ಇನ್‌ಸ್ಪೆಕ್ಟರ್.

"ಬೇಡ ಅಂದೆ. ಬೇಡ ಸಾರ್ ಅಂದೆ. ಇನ್ನೊಂದ್ಸಲ ಬೇಡ ಅಂದೆ."

"ಮೂರು ಸಲ ಬೇಡ ಅಂದ್ಮೇಲೆ ಬರೋ ಆಯ್ತು ಒಪ್ಪಿಗೆ ಅಲ್ಲಮ್ಮಾ. ಸುಸ್ತು. ಕಾನೂನಲ್ಲಿ ಸ್ವಇಚ್ಛೆ ಅಂತಿದೆ, ಸಂದೇಹಕ್ಕೆ ಎಡೆಯಿಲ್ಲದಂತೆ ಅಂತಿದೆ. ಸುಸ್ತಾಗಿ ಬಾಯಿಂದ ಬಿದ್ದದ್ದು ಅಂತ ಎಲ್ಲೂ ಇಲ್ಲ. ನಿಮ್ಮ ಚುಕ್ಕಿ ಇರ್ಲಿ, ಇಲ್ದಿರ್ಲಿ, ಈ ಕೇಸು ಅದರ ಮೇಲೆ ನಿಂತಿಲ್ಲ."

ಇಷ್ಟು ಹೇಳಿ ಅವರು ಅವಳ ಫೋನು ಕೇಳಿದರು. ಸೋಮವಾರ ಸಂಜೆ ಅವನು ಕರೆ ಮಾಡಬಹುದೆಂದು ಹೆದರಿ ಅವಳು ಅದನ್ನು ಆಫ್ ಮಾಡಿ ಕಪಾಟಿನಲ್ಲಿಟ್ಟಿದ್ದಳು. ಅಲ್ಲಿಂದ ಮುಟ್ಟಿರಲಿಲ್ಲ. ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕೂರಿಸಿಕೊಂಡು 2.15ಕ್ಕೆ ಫೋನು ಚಾಲೂ ಮಾಡಿದರು. ಹನ್ನೊಂದು ಕರೆ ಬಂದಿದ್ದವು. ಒಂದು ಸಂದೇಶ ಇತ್ತು. ಮಂಗಳವಾರ ಬೆಳಿಗ್ಗೆ 8.12, ಮಾಲೀಕನ ನಂಬರಿನಿಂದ:

'ಮೂರು ಸಲ ಬೇಡ ಬೇಡ ಅಂದವಳು ಕೊನೆಗೆ ಸುಮ್ಮನಾದೆಯಲ್ಲ, ಈಗ್ಯಾಕೆ ಮುನಿಸು? ಬಾ, ಮಾತಾಡೋಣ.'

ಇನ್‌ಸ್ಪೆಕ್ಟರ್ ಅದನ್ನು ಮೂರು ಸಲ ಓದಿದರು. ಒಪ್ಪಿದೆಯಲ್ಲ ಎಂದೂ ಬರೆದಿರಲಿಲ್ಲ ಮಹಾಶಯ. ಸುಮ್ಮನಾದೆ ಎಂದು ಬರೆದಿದ್ದ. ಬೇಡ ಎನ್ನುವ ಮಾತು ಅವನ ಕಿವಿಗೆ ಬಿದ್ದಿತ್ತು, ಲೆಕ್ಕವೂ ನೆನಪಿತ್ತು. ತನ್ನ ಕೈಯಾರೆ ಟೈಪು ಮಾಡಿ ಕಳಿಸಿದ್ದ. ಇಂಥವರು ಸುಳ್ಳು ಹೇಳಿದ್ದರೆ ಹಿಡಿಯುವುದು ಕಷ್ಟವಾಗುತ್ತಿತ್ತು. ತಪ್ಪೇ ಮಾಡಿಲ್ಲ ಎಂದು ನಂಬಿದವನು ಸಾಕ್ಷಿಯನ್ನೂ ಮುಚ್ಚಿಡುವುದಿಲ್ಲ.

ಸಂಜೆ 4ಕ್ಕೆ ಪ್ರೆಸ್ಸಿನ ಬೈಂಡಿಂಗ್ ಕೋಣೆಯಲ್ಲಿ ಪುಸ್ತಕ ಹೊಲಿಯುವ ಬೈಂಡರ್ ಅಜ್ಜನನ್ನು ಠಾಣೆಗೆ ಕರೆಸಿದರು. ಅರವತ್ತೆಂಟು ವರ್ಷ. ಬೆರಳುಗಳ ಮೇಲೆ ಒಣಗಿದ ಗೋಂದು. ಪಂಚನಾಮೆಯ ದಿನ ಅವನು ಏನೂ ಗೊತ್ತಿಲ್ಲ ಎಂದಿದ್ದ. ಇನ್‌ಸ್ಪೆಕ್ಟರ್ ಅದನ್ನು ಬಿಟ್ಟು ಬೇರೆ ಕಡೆಯಿಂದ ಶುರು ಮಾಡಿದರು. ಜೇನಿನ ಕೈಪಿಡಿಯ ಕರಡು ಅವನ ಮುಂದಿಟ್ಟು, "ಇದನ್ನ ನೋಡಿ ಹೇಳಿ ಅಜ್ಜಾ," ಎಂದರು.

ಅಜ್ಜ ಕನ್ನಡಕ ಏರಿಸಿ ಹಾಳೆ ತಿರುವಿದ. ಮೂವತ್ತೊಂದರವರೆಗೆ ತಲೆಯಾಡಿಸಿದ. ಮೂವತ್ನಾಲ್ಕರಲ್ಲಿ ನಿಂತ. "ಇದೇನಿದು? ತಲೆಬರಹದಲ್ಲೇ 'ರಾಣಿ ಜೀನು' ಅಂತಿದೆ. ಇಲ್ಲಿ 'ಜೇನುಹಳ'. ಈ ಸಾಲು ಎರಡು ಸಲ ಬಿದ್ದಿದೆ. ಇದನ್ನ ಪ್ರೂಫಕ್ಕ ನೋಡಿದ್ದಾ?"

"ಸಹಿ ಅವರದೇ."

"ಸಹಿ ಅವಳದ್ದು, ಕಣ್ಣು ಅವಳದ್ದಲ್ಲ. ಅವಳ ಕೈಯಿಂದ ಒಂದು ಕೊಂಬು, ಒಂದು ಒತ್ತು ತಪ್ಪಿಸ್ಕೊಂಡಿದ್ದು ನಾನು ಕಂಡಿಲ್ಲ. ಮದುವೆ ಕಾರ್ಡಲ್ಲೂ ತಪ್ಪು ಹಿಡಿದು ವಾಪಸ್ಸು ಕೊಡೋಳು. ಇದು ಯಾವತ್ತು ನೋಡಿದ್ದು?"

"ಸೋಮವಾರ. ಮೂರೂ ಮುಕ್ಕಾಲರಿಂದ ಐದೂವರೆ."

ಅಜ್ಜ ಹಾಳೆ ಕೆಳಗಿಟ್ಟ. ಬೆರಳಿನ ಗೋಂದು ಕೀಳುತ್ತಾ ಕೂತ. ಇನ್‌ಸ್ಪೆಕ್ಟರ್ ಕಾದರು. ಕಾಯುವುದು ಅವರ ಸ್ವಭಾವವಲ್ಲ, ಆದರೂ ಕಾದರು.

"ನಾನು ಅಲ್ಲೇ ಇದ್ದೆ," ಎಂದ ಅಜ್ಜ. "ಗೋಡೆ ಆಚೆ. ಹೊಲಿಗೆ ಹಾಕ್ತಾ ಇದ್ದೆ."

"ಏನು ಕೇಳಿಸ್ತು?"

"ಬೇಡ ಅಂದ್ಳು. ಬೇಡ ಸಾರ್ ಅಂದ್ಳು. ಮತ್ತೆ ಬೇಡ ಅಂದ್ಳು. ಆಮೇಲೆ ಆಯ್ತು, ಬಿಡಿ ಅಂದ್ಳು. ಬಿಡಿ, ಬಿಡಿ ಅಂತ ಎರಡು ಸಲ. ಆಮೇಲೆ ಮಾತಿಲ್ಲ."

"ಎದ್ದು ಹೋಗಿ ಯಾಕೆ ನೋಡ್ಲಿಲ್ಲ?"

ಅಜ್ಜನ ಕಣ್ಣು ತುಂಬಿತು. "ಭಾನುವಾರ ಕೆಲಸಕ್ಕೆ ಕರೀತಿದಾನೆ ಅಂದ್ಕೊಂಡೆ ಕಣಮ್ಮಾ. ಆ ಪ್ರೆಸ್ಸಲ್ಲಿ ಎಲ್ಲರೂ ಅವನಿಗೆ ದಿನಕ್ಕೆ ಇಪ್ಪತ್ತು ಸಲ ಅನ್ನೋ ಮಾತು ಅದು. ಬೇಡ, ಬೇಡ, ಆಯ್ತು ಬಿಡಿ. ನಾನೂ ಅಂತೀನಿ. ಪೇಪರ್ ಸಪ್ಲೈ ಮಾಡೋರೂ ಅಂತಾರೆ. ದಿನಾ ಕೇಳೋ ಮಾತು, ಅದರಲ್ಲೇನು ಅಂತ ಸೂಜಿ ಪೋಣಿಸ್ಕೊಂಡು ಕೂತೆ."

ಇನ್‌ಸ್ಪೆಕ್ಟರ್‌ಗೆ ಬೈಯಬೇಕೆನ್ನಿಸಿತು. ಯಾರನ್ನು ಬೈಯುವುದು? ಅಜ್ಜ ಆಗಲೇ ತನ್ನನ್ನು ತಾನು ಬೈದುಕೊಂಡು ಅರ್ಧವಾಗಿದ್ದ. "ಕೋರ್ಟಿನಲ್ಲೂ ಹೀಗೇ ಹೇಳ್ತೀರಾ?" ಎಂದು ಕೇಳಿದರು.

"ಹೇಳ್ತೀನಿ. ಕೆಲಸ ಹೋದ್ರೆ ಹೋಗ್ಲಿ."

ಗುರುವಾರ, ಹದಿಮೂರನೇ ತಾರೀಖು, ಸಂಜೆ 4.10ಕ್ಕೆ ಇನ್‌ಸ್ಪೆಕ್ಟರ್, ರೈಟರ್ ಮತ್ತು ಇಬ್ಬರು ಕಾನ್‌ಸ್ಟೇಬಲ್‌ಗಳು ಮಾಲೀಕನ ಮನೆಗೆ ಹೋದರು. ಅವನು ಹಜಾರದಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಬಂಧನದ ಮೆಮೊ ಓದಿ ಹೇಳಿದರು. ಅವನು ಲೋಟ ಕೆಳಗಿಡಲಿಲ್ಲ.

"ಇವತ್ತು ಬೇಡ ಮೇಡಂ. ನಾಳೆ ಬೆಳಿಗ್ಗೆ ನಾನೇ ಬರ್ತೀನಿ."

"ಆಗಲ್ಲ."

"ಒಂದು ಗಂಟೆ ಕೊಡಿ. ವಕೀಲರು ಬರ್ಲಿ."

"ಠಾಣೆಗೆ ಬರ್ತಾರೆ. ಏಳಿ."

"ಹೋಗ್ಲಿ, ಅರ್ಧ ಗಂಟೆ. ನಮ್ಮ ಕಾರಲ್ಲೇ ಹಿಂದೆ ಬರ್ತೀನಿ. ಬೀದಿಯವರು ನೋಡ್ತಾರೆ."

"ಆಗಲ್ಲ."

ಅವನು ಸುಮ್ಮನೆ ಅವರ ಮುಖ ನೋಡುತ್ತಾ ಕೂತ. ಬಾಯಿಯ ಅಂಚಿನಲ್ಲಿ ಅದೇ ಸಣ್ಣ ನಗು. ಮೂರು ಸಲ ಆಯಿತು, ಇನ್ನೇನು ಆಯ್ತು ಬಿಡಿ ಎನ್ನುವ ಆ ಮಾತು ಬರುತ್ತದೆ ಎಂದು ಕಾಯುತ್ತಿದ್ದ. ಇನ್‌ಸ್ಪೆಕ್ಟರ್‌ಗೂ ಅದು ಗೊತ್ತಾಯಿತು. ಅವರು ಲೋಟವನ್ನು ಅವನ ಕೈಯಿಂದ ತೆಗೆದು ಮೇಜಿನ ಮೇಲಿಟ್ಟರು.

ಅವನು ಹೆಂಡತಿಯ ಕಡೆ ತಿರುಗಿದ. ಆಕೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ನೀನು ಹೋಗಿ ಅವಳ ಹತ್ರ ಮಾತಾಡು. ಹೆಂಗಸರು ಹೆಂಗಸರು ಮಾತಾಡಿದ್ರೆ ಮುಗಿಯುತ್ತೆ. ದೂರು ವಾಪಸ್ ತಗೊಳ್ಳೋಕೆ ಹೇಳು."

"ನನ್ ಕೈಲಾಗಲ್ಲ."

"ನಾನು ಹೇಳ್ತಿದೀನಲ್ಲ. ಹೋಗು."

"ಆಗಲ್ಲ ರೀ."

"ಹೋಗೇ ಅಂದ್ರೆ!"

ಆಕೆ ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಹಜಾರಕ್ಕೆಲ್ಲ ಕೇಳಿಸಿತು. ಅವನು ಆ ಬಾಗಿಲನ್ನು ನೋಡುತ್ತಾ ನಿಂತ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಈ ಸದ್ದು ಅವನಿಗೆ ಹೊಸದು ಎನ್ನುವುದು ಮುಖದಲ್ಲೇ ಕಾಣುತ್ತಿತ್ತು. 4.35ಕ್ಕೆ ಜೀಪು ಹೊರಟಿತು.

ದಾರಿಯಲ್ಲಿ ಅವನು ಯಾರೂ ಕೇಳದೆಯೇ ಮಾತಾಡಿದ. ಹದಿನಾಲ್ಕನೇ ವಯಸ್ಸಿಗೆ ಅಪ್ಪ ಅವನನ್ನು ಕೌಂಟರಿನಲ್ಲಿ ಕೂರಿಸಿ ಪಾಠ ಹೇಳಿದ್ದನಂತೆ. ಗಿರಾಕಿಯ ಮೊದಲ ಬೇಡ ಅಂದರೆ ನಾಚಿಕೆ, ಎರಡನೆಯದು ಚೌಕಾಶಿ, ಮೂರನೆಯದು ಸೋಲು. ಬಿಡದೆ ಹಿಡಿದರೆ ಎಂಥವರೂ ಆಯ್ತು ಬಿಡಿ ಅನ್ನುತ್ತಾರೆ. ಈ ಒಂದು ಪಾಠದ ಮೇಲೆ ಅವನು ಪ್ರೆಸ್ಸು ನಡೆಸಿದ, ಮದುವೆಯಾದ, ಆಳುಗಳನ್ನು ಇಟ್ಟುಕೊಂಡ. ಯಾರ ಬೇಡವೂ ಕೊನೆಯ ಮಾತೆಂದು ಅವನಿಗೆ ಒಮ್ಮೆಯೂ ಅನ್ನಿಸಿರಲಿಲ್ಲ, ಅನ್ನಿಸುವ ಹಾಗೆ ಯಾರೂ ನಡೆದುಕೊಂಡಿರಲೂ ಇಲ್ಲ. "ನಾನು ಬಲವಂತ ಮಾಡ್ಲಿಲ್ಲ ಮೇಡಂ," ಎಂದ ಠಾಣೆಯ ಗೇಟಿನಲ್ಲಿ. ಅವನು ಅದನ್ನು ಮನಸಾರೆ ನಂಬಿದ್ದ. ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ ಇದನ್ನು ಎರಡು ಸಾಲಿನಲ್ಲಿ ಬರೆದಿಟ್ಟರು. ಅದು ಸಾಕ್ಷ್ಯವಲ್ಲ, ಸಮಜಾಯಿಷಿಯೂ ಅಲ್ಲ.

ಶುಕ್ರವಾರ ಬೆಳಿಗ್ಗೆ 10.30ಕ್ಕೆ ಪೂರಕ ಹೇಳಿಕೆಗೆಂದು ಪ್ರೂಫಕ್ಕ ಬಂದಳು. ಈ ಸಲ ಒಬ್ಬಳೇ. ಅವಳು ಹೇಳಿದ್ದನ್ನು ರೈಟರ್ ಒಂದಕ್ಷರ ಹೆಚ್ಚಿಲ್ಲದಂತೆ, ಕಡಿಮೆಯಿಲ್ಲದಂತೆ ಟೈಪು ಮಾಡಿದ. ಅನುಮಾನ ಬಂದ ಕಡೆಯೆಲ್ಲ ನಿಲ್ಲಿಸಿ, "ಅಕ್ಕಾ, ಇಲ್ಲಿ ಚುಕ್ಕಿ ಬರುತ್ತಾ?" ಎಂದು ಕೇಳಿದ. ಒಂದೂವರೆ ಗಂಟೆ ಹಿಡಿಯಿತು.

"ಇಪ್ಪತ್ತಾರು ವರ್ಷ ಆ ಕೂಗಿನ ಸಾಲು ಬರೆದಿದೀನಿ ಮೇಡಂ," ಎಂದ ಅವನು ಹಾಳೆಗಾಗಿ ಕಾಯುತ್ತಾ, ಮೆತ್ತಗೆ. "ಒಬ್ಬರೂ ಹೊಡೆದುಹಾಕಿರ್ಲಿಲ್ಲ."

"ಅವರ್ಯಾರೂ ಪ್ರೂಫ್ ನೋಡ್ತಿರ್ಲಿಲ್ಲ ರೈಟರ್ರೇ. ನೀವು ಬರೆದದ್ದನ್ನ ನಂಬಿದ್ರು."

ಅವನು ಹಾಳೆ ಹಿಡಿಯಲು ಪ್ರಿಂಟರ್ ಕಡೆ ಬಾಗಿದ.

ನಾಲ್ಕು ಹಾಳೆಗಳು ನಾಲ್ಕು ಕಪ್ಪು ಪಟ್ಟಿಗಳೊಂದಿಗೆ ಹೊರಬಂದವು. ಪ್ರೂಫಕ್ಕ ಕಿವಿಯ ಮೇಲಿಂದ ಪೆನ್ನು ತೆಗೆದು ಓದತೊಡಗಿದಳು. 'ಆಯ್ತು, ಬಿಡಿ' ಇದ್ದಲ್ಲಿ ಅಲ್ಪವಿರಾಮ ತನ್ನ ಜಾಗದಲ್ಲಿತ್ತು. ಅಲ್ಲಿ ಒಂದು ಕ್ಷಣ ನಿಂತು ಮುಂದೆ ಹೋದಳು. ಮೂರನೇ ಪುಟದಲ್ಲಿ ಪೆನ್ನು ಕೆಳಗಿಳಿಯಿತು. 'ಚಿಲಕ' ಎನ್ನುವುದು 'ಚಿಕಲ' ಆಗಿತ್ತು. ಕೆಳಗೆ ಒಂದು ದೀರ್ಘ ಬಿಟ್ಟುಹೋಗಿತ್ತು. ಕೊನೆಯ ಪುಟದಲ್ಲಿ ತಾರೀಖೇ ತಪ್ಪು. ಅಂಚುಗಳು ಕೆಂಪಾಗುತ್ತಾ ಹೋದವು.

"ಏಳು ತಪ್ಪಿದೆ," ಎಂದಳು ಹಾಳೆ ಹಿಂದಿರುಗಿಸುತ್ತಾ. "ತಿದ್ದಿ ಕೊಡಿ. ಆಮೇಲೆ ಸಹಿ ಹಾಕ್ತೀನಿ."

ರೈಟರ್ ತಪ್ಪುಗಳನ್ನು ತಿದ್ದಿ ಮತ್ತೆ ಪ್ರಿಂಟ್ ಕೊಟ್ಟ, ಪ್ರಿಂಟರ್ ಗೊರಗೊರ ಎಂದು ಹಾಳೆ ನುಂಗಿ ನಿಂತಿತು. ಬೇರೆ ದಿನವಾಗಿದ್ದರೆ ಇನ್‌ಸ್ಪೆಕ್ಟರ್ ಅದಕ್ಕೊಂದು ಒದೆ ಕೊಡುತ್ತಿದ್ದರು. ಇಂದು ತಾವೇ ಮುಚ್ಚಳ ತೆಗೆದು, ಸಿಕ್ಕಿಕೊಂಡ ಹಾಳೆ ಎಳೆದು, ಹೊಸ ಹಾಳೆ ಇಟ್ಟರು. ಸೋಮವಾರ ಏನೂ ಕಾಣದೆ ಹೋಗಿದ್ದ ಅವಳ ಕಣ್ಣಿಗೆ ಏಳೂ ತಪ್ಪು ಬಿದ್ದಿದ್ದವು.